ಮೈಟೋಫೇಜಿ ಬ್ಲಾಕ್ ಕರಗಿಸುವುದಿಲ್ಲ

ದಾವಣಗೆರೆಯ ಪಿ.ಜೆ. ಬಡಾವಣೆಯ ಗೋಡೆಯೊಂದರ ಮೇಲೆ ಮೊನ್ನೆ ಮತ್ತೆ ಅದೇ ಮಾತು: ‘ಉಪವಾಸ ಮಾಡಿ, ಮೈಟೋಫೇಜಿಯಿಂದ ಹಾರ್ಟ್ ಬ್ಲಾಕ್ ಕರಗಿಸಿ.’ ಜಗಳೂರು, ಹರಪನಹಳ್ಳಿ ಕಡೆಯಿಂದ ಎದೆನೋವೆಂದು ಬಂದವರು ಓಡಾಡುವ ಜಾಗವದು. ಅಲ್ಲಿ ಇಂಥದನ್ನು ಅಂಟಿಸುವುದು ದೊಡ್ಡ ತಪ್ಪು.

ಜನ ಬ್ಲಾಕ್ ಎನ್ನುವುದು ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳದ ಗೋಡೆಯಲ್ಲಿ ಕಟ್ಟಿದ್ದನ್ನು. ಅದರಲ್ಲಿ ಕೊಲೆಸ್ಟರಾಲ್, ಉರಿಯೂತದ ಕೋಶಗಳು, ನಾರಿನಂಥ ಅಂಗಾಂಶ, ಎಷ್ಟೋ ಸಲ ಕ್ಯಾಲ್ಸಿಯಂ ಕೂಡ ಸೇರಿರುತ್ತದೆ. ಮೈಟೋಫೇಜಿ ನಡೆಯುವುದಾದರೋ ಜೀವಕೋಶದ ಒಳಗೆ. ಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಪುಟ್ಟ ಘಟಕ ಮೈಟೋಕಾಂಡ್ರಿಯ. ಅದು ಕೆಟ್ಟುಹೋದಾಗ ಕೋಶ ಅದನ್ನು ಪೊರೆಯಲ್ಲಿ ಸುತ್ತಿ, ಲೈಸೋಸೋಮ್ ಎಂಬ ಅರಗಿಸುವ ಚೀಲಕ್ಕೆ ಸೇರಿಸಿ ಅರಗಿಸುವುದಕ್ಕೆ ಆ ಹೆಸರು. ಕಿರಿದಾದ ನಾಳವನ್ನು ತೆರೆಯುವ ಕೆಲಸ ಅದರದಲ್ಲ. ಗೋಡೆಬರಹದ ಕೆಳಗೆ ‘ನೊಬೆಲ್ ವಿಜ್ಞಾನ’ ಎಂದೂ ಇದೆ. 2016ರಲ್ಲಿ ಜಪಾನಿನ ವಿಜ್ಞಾನಿ ಯೊಶಿನೊರಿ ಒಸುಮಿ ಅವರಿಗೆ ನೊಬೆಲ್ ಬಂದದ್ದು ಆಟೋಫೇಜಿ, ಅಂದರೆ ಕೋಶ ತನ್ನದೇ ಭಾಗಗಳನ್ನು ಅರಗಿಸಿಕೊಳ್ಳುವ ಕ್ರಿಯೆ (ಮೈಟೋಫೇಜಿ ಅದರ ಒಂದು ಬಗೆ), ಹೇಗೆ ನಡೆಯುತ್ತದೆ ಎಂಬುದನ್ನು, ಮುಖ್ಯವಾಗಿ ಯೀಸ್ಟ್ ಕೋಶಗಳಲ್ಲಿ, ಬಿಡಿಸಿ ತೋರಿಸಿದ್ದಕ್ಕೆ. ಉಪವಾಸದಿಂದ ಹೃದ್ರೋಗ ಗುಣವಾಯಿತೆಂದು ಅವರಿಗೆ ಯಾರೂ ಬಹುಮಾನ ಕೊಡಲಿಲ್ಲ.

ಹೃದಯಕ್ಕೂ ಮೈಟೋಫೇಜಿಗೂ ನಂಟು ಇಲ್ಲವೆಂದಲ್ಲ, ಗಟ್ಟಿಯಾಗಿಯೇ ಇದೆ. ಹೃದಯ ಸ್ನಾಯುಕೋಶದ ಗಾತ್ರದಲ್ಲಿ ಸುಮಾರು ಮೂರನೇ ಒಂದು ಪಾಲು ಮೈಟೋಕಾಂಡ್ರಿಯಗಳದೇ. ದಿನಕ್ಕೆ 1 ಲಕ್ಷದಷ್ಟು ಬಡಿತಕ್ಕೆ ಬೇಕಾದ ಶಕ್ತಿಯ ಬಹುಪಾಲು ಅಲ್ಲೇ ತಯಾರಾಗುತ್ತದೆ. ಆ ಕೋಶಗಳೋ ಹೊಸದಾಗಿ ಹುಟ್ಟುವುದು ತೀರಾ ಕಡಿಮೆ, ಯೌವನದಲ್ಲೇ ವರ್ಷಕ್ಕೆ ಶೇ 1ರ ಆಸುಪಾಸು. ಹಾಗಾಗಿ ಇದ್ದ ಕೋಶವೇ ತನ್ನೊಳಗನ್ನು ಸರಿಯಾಗಿಟ್ಟುಕೊಂಡು ದಶಕಗಳ ಕಾಲ ದುಡಿಯಬೇಕು.

ಕೆಟ್ಟ ಮೈಟೋಕಾಂಡ್ರಿಯವನ್ನು ಕೋಶ ಗುರುತಿಸುವ ಬಗೆ ಸೊಗಸಾಗಿದೆ. ಪಿಂಕ್1 ಎಂಬ ಪ್ರೋಟೀನು ಆರೋಗ್ಯವಾಗಿರುವ ಮೈಟೋಕಾಂಡ್ರಿಯದ ಒಳಹೊಕ್ಕು ಅಲ್ಲಿ ತುಂಡಾಗಿ ನಾಶವಾಗುತ್ತಿರುತ್ತದೆ. ಮೈಟೋಕಾಂಡ್ರಿಯ ಕೆಟ್ಟು ಅದರ ಒಳಪೊರೆಯ ವಿದ್ಯುತ್ ವಿಭವ ಕುಸಿದರೆ ಪಿಂಕ್1 ಒಳಗೆ ಹೋಗಲಾಗದೆ ಹೊರಪೊರೆಯ ಮೇಲೇ ಶೇಖರವಾಗಿ, ಪಾರ್ಕಿನ್ ಎಂಬ ಇನ್ನೊಂದು ಪ್ರೋಟೀನನ್ನು ಸೆಳೆಯುತ್ತದೆ. ಪಾರ್ಕಿನ್ ಅಲ್ಲಿ ಯುಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನಿನ ಗುರುತು ಹಚ್ಚಿದ ಮೇಲೆ ಸುತ್ತುವ ಪೊರೆ ಬರುತ್ತದೆ. ಪಾರ್ಕಿನ್ ಇಲ್ಲದೆ ನಡೆಯುವ ದಾರಿಗಳೂ ಹೃದಯದಲ್ಲಿವೆ.

ಈ ವಿಲೇವಾರಿ ನಿಂತರೆ ಹಾಳಾದ ಮೈಟೋಕಾಂಡ್ರಿಯಗಳು ಶಕ್ತಿ ಕೊಡದೆ, ಹಾನಿಕರ ಆಮ್ಲಜನಕ ಕಣಗಳನ್ನು ಸೋರಿಸುತ್ತ ಉಳಿಯುತ್ತವೆ. ಹೃದಯ ವೈಫಲ್ಯದ ಸಂಶೋಧನೆ ಇದರ ಬೆನ್ನು ಹತ್ತಿರುವುದು ಅದಕ್ಕೇ. ಹಾಗೆಂದು ‘ಮೈಟೋಫೇಜಿ ಹೆಚ್ಚಿಸಿಕೊಳ್ಳಿ’ ಎನ್ನುವುದೂ ಸಲ್ಲದು. ಮಿತಿ ಮೀರಿದರೆ ಕೆಲಸ ಮಾಡುತ್ತಿರುವ ಮೈಟೋಕಾಂಡ್ರಿಯಗಳೂ ಹೋಗಿ ಕೋಶಕ್ಕೆ ಶಕ್ತಿಯೇ ಸಾಲದಾಗುತ್ತದೆ. ಇನ್ನು ಇನ್ಸುಲಿನ್ ತೆಗೆದುಕೊಳ್ಳುವವರು ಗೋಡೆಯ ಮಾತು ನಂಬಿ, ವೈದ್ಯರನ್ನು ಕೇಳದೆ ಊಟ ಬಿಟ್ಟರೆ ರಕ್ತದ ಸಕ್ಕರೆ ಪ್ರಜ್ಞೆ ತಪ್ಪುವಷ್ಟು ಇಳಿಯಬಹುದು.