ಫ್ರೇಲ್ಟಿ: ‘ವಯಸ್ಸಾಯ್ತಲ್ಲ ಬಿಡಿ’ ಅಂತ ನಾವು ತೇಲಿಸಿಬಿಡೋ ವಿಷ್ಯ

ವಯಸ್ಸಾದವ್ರ ಡಿಸ್ಚಾರ್ಜ್ ಚೀಟೀಲಿ ಈಗೀಗ ಫ್ರೇಲ್ ಅಂತ ಒಂದು ಪದ ಕಾಣ್ಸುತ್ತೆ. ಕನ್ನಡದಲ್ಲಿ ದೌರ್ಬಲ್ಯ, ನಿಶ್ಶಕ್ತಿ, ಕೃಶತೆ ಅಂತ ಒಬ್ಬೊಬ್ರು ಒಂದೊಂದು ಬರೀತಾರೆ, ನಂಗಂತೂ ನಮ್ಮಜ್ಜಿ ಹೇಳೋ ‘ತ್ರಾಣ ಇಲ್ಲ ಕಣೋ’ ಅನ್ನೋದೇ ಸರಿ ಅನ್ಸುತ್ತೆ, ಯಾಕಂದ್ರೆ ತ್ರಾಣದಲ್ಲಿ ತಡ್ಕೊಳ್ಳೋ ತಾಕತ್ತು ಅನ್ನೋದೂ ಸೇರಿದೆ. ಮೈಯಲ್ಲಿ ಕೂಡಿಟ್ಟ ಇಡುಗಂಟು ಕರಗಿ ಕರಗಿ, ಒಂದು ಸಣ್ಣ ಜ್ವರಕ್ಕೋ ಮಾತ್ರೆ ಬದಲಾಯ್ಸಿದ್ದಕ್ಕೋ ಮನುಷ್ಯ ಹಾಸಿಗೆ ಹಿಡಿಯೋ ಸ್ಥಿತಿ, ಅದೇ ಫ್ರೇಲ್ಟಿ. ಬಿಪಿ ಶುಗರ್ ಎರಡೂ ಇಟ್ಕೊಂಡು 85ರಲ್ಲೂ ತೋಟಕ್ಕೆ ಹೋಗಿಬರೋರು ಇದಾರೆ, 67ಕ್ಕೇ ಬಾತ್‌ರೂಮಿಗೆ ಗೋಡೆ ಹಿಡ್ಕೊಂಡು ಹೋಗೋರೂ ಇದಾರೆ.

ಅಳೆಯೋದು ಹೇಗೆ? 2001ರಲ್ಲಿ ಅಮೆರಿಕದ ಡಾಕ್ಟರ್ ಲಿಂಡಾ ಫ್ರೀಡ್ ಮತ್ತವ್ರ ತಂಡ ಐದು ಗುರುತು ಕೊಟ್ರು: ಬೇಕಂತ ಇಳಿಸದೇನೇ ವರ್ಷದಲ್ಲಿ ನಾಲ್ಕೂವರೆ ಕೆಜಿಯಷ್ಟು ತೂಕ ಇಳಿಯೋದು, ಯಾವಾಗ್ಲೂ ಸುಸ್ತು, ಕೈಹಿಡಿತ ಸಡಿಲ, ನಡಿಗೆ ನಿಧಾನ, ಓಡಾಟ ಕಮ್ಮಿ. ಮೂರೋ ಅದಕ್ಕಿಂತ ಜಾಸ್ತಿನೋ ಇದ್ರೆ ಫ್ರೇಲ್, ಒಂದೋ ಎರಡೋ ಇದ್ರೆ ಪ್ರೀ-ಫ್ರೇಲ್, ಅಂದ್ರೆ ಹೊಸ್ತಿಲ ಮೇಲೆ ನಿಂತಿರೋರು. ಕೆನಡಾದ ಡಾಕ್ಟರ್ ಕೆನೆತ್ ರಾಕ್‌ವುಡ್ ಅವರದ್ದು ಬೇರೆ ಲೆಕ್ಕ, ಮೈಯಲ್ಲಿ ಎಷ್ಟು ಕೊರತೆ ಸೇರ್ಕೊಂಡಿದೆ ಅಂತ ಎಣಿಸ್ತಾ ಹೋಗೋದು.

ನಂಗೆ ಮುಖ್ಯ ಅನ್ಸೋದು ಇದು ಒಂದೇ ಕಡೆ ನಿಲ್ಲಲ್ಲ ಅನ್ನೋದು. ಅಮೆರಿಕದಲ್ಲೇ ಯೇಲ್ ಯೂನಿವರ್ಸಿಟಿಯವ್ರು 70 ದಾಟಿದ 754 ಜನರನ್ನ 18 ತಿಂಗಳಿಗೊಂದ್ಸಲ ಅಂತ ನಾಲ್ಕೂವರೆ ವರ್ಷ ನೋಡಿದ್ರು, 2006ರಲ್ಲಿ ಬಂದ ಆ ವರದಿ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಜನ ಒಂದ್ಸಲವಾದ್ರೂ ಸ್ಥಿತಿ ಬದಲಾಯ್ಸಿದ್ರು. ಕೆಳಕ್ಕೆ ಜಾರಿದವ್ರೇ ಜಾಸ್ತಿ ನಿಜ, ಆದ್ರೆ ಫ್ರೇಲ್‌ನಿಂದ ಹೊಸ್ತಿಲಿಗೆ ವಾಪಸ್ ಬಂದವ್ರೂ ಇದ್ರು, ಒಂದೇ ನೆಗೆತಕ್ಕೆ ಪೂರ್ತಿ ಗಟ್ಟಿಯಾದವ್ರು ಮಾತ್ರ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಇದೆಲ್ಲ ಒಂದ್ಸಲ ಸರ್ವೆ ಮಾಡಿ ಬಂದ್ರೆ ಗೊತ್ತಾಗಲ್ಲ, ಅದೇ ಜನರ ಮನೆಗೆ ಮತ್ತೆ ಮತ್ತೆ ಹೋಗ್ಬೇಕು. ನಮ್ಮಲ್ಲಿ ಕೋಲಾರದ ಶ್ರೀನಿವಾಸಪುರ ತಾಲೂಕಲ್ಲಿ ಐಐಎಸ್ಸಿಯ ಮೆದುಳು ಸಂಶೋಧನಾ ಕೇಂದ್ರದವ್ರು 45 ದಾಟಿದ ಹಳ್ಳಿ ಜನರನ್ನ ಹೀಗೇ ವರ್ಷಗಟ್ಲೆ ನೋಡ್ತಿದಾರೆ, ಅವ್ರ ಕಣ್ಣು ಮುಖ್ಯವಾಗಿ ಮರೆವಿನ ಕಾಯಿಲೆ ಮೇಲೆ.

ಅಜ್ಜಿಗೆ ಹೋದ ವರ್ಷ ಯೂರಿನ್ ಇನ್ಫೆಕ್ಷನ್ ಆಗಿ ಎಂಟು ದಿನ ಆಸ್ಪತ್ರೆ ಮಂಚ. ಇನ್ಫೆಕ್ಷನ್ ಹೋಯ್ತು, ಮನೆಗೆ ಬಂದಾಗ ಕೈ ಎತ್ತಿದ್ರೆ ಬಳೆ ಮೊಣಕೈ ತನಕ ಜಾರೋದು, ಉಪ್ಪಿನಕಾಯಿ ಡಬ್ಬಿ ಮುಚ್ಚಳ ತೆಗಿಯೋಕೂ ಆಗ್ತಿರ್ಲಿಲ್ಲ. ಆರೋಗ್ಯವಾಗಿರೋ ವಯಸ್ಸಾದವ್ರನ್ನೇ ಹತ್ತು ದಿನ ಮಲಗ್ಸಿ ನೋಡಿದ ಒಂದು ಪ್ರಯೋಗದಲ್ಲಿ ಕಾಲಿನ ಮಾಂಸಖಂಡವೇ ಸುಮಾರು ಒಂದು ಕೆಜಿ ಕರಗಿತ್ತಂತೆ, ಇನ್ನು ಕಾಯಿಲೆ ಬಿದ್ದವ್ರ ಗತಿ ಏನು! ಅದ್ರ ಮೇಲೆ ನಾವು ಬುದ್ಧಿವಂತ್ರು, ರೆಸ್ಟ್ ತಗೋ ಅಂತ ಏಳೋಕೇ ಬಿಡದೆ ಬರೀ ಗಂಜಿ ಕುಡಿಸಿದ್ವಿ. ಮನೆಗೆ ಬಂದ ಫಿಸಿಯೋ ಹುಡುಗಿ ನೋಡಿ ಬೈದ್ಲು. ಆಮೇಲೆ ಶುರುವಾಯ್ತು, ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರೋದು, ದಿನಾ ಮೊಟ್ಟೆ, ಮುದ್ದೆಗೆ ಹುರುಳಿಕಾಳಿನ ಸಾರು. ನಾಲ್ಕು ತಿಂಗಳು ಹಿಡೀತು. ಈಗ ಡಬ್ಬಿ ಅವ್ರೇ ತೆಗೀತಾರೆ, ಹಾಲಿನ ಬೂತಿಗೂ ಹೋಗ್ತಾರೆ, ಆದ್ರೆ ಜಗಲಿಯಿಂದ ಏಳೋವಾಗ ಎಡಗೈ ಮಂಡಿ ಮೇಲೆ ಊರೋದು ಇನ್ನೂ ಬಿಟ್ಟಿಲ್ಲ.