ಫೈಲು ಸಿಗುವ ತನಕ ಕಾಯಿರಿ

ಇಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕೂತವರನ್ನು ‘ಏನಾಯ್ತು?’ ಎಂದು ಕೇಳಿದರೆ, ಎಷ್ಟೋ ಜನ ‘ನೇಮ್ ಚೆಕ್‌ನಲ್ಲಿ ಸಿಕ್ಕಿಕೊಂಡಿದೆ’ ಎನ್ನುತ್ತಿದ್ದರು. ಕಾಗದಪತ್ರ ಎಲ್ಲ ಸರಿ ಇದೆ, ಬೆರಳಚ್ಚು ಕೊಟ್ಟಾಗಿದೆ. ಆದರೂ ಅರ್ಜಿ ಅಲ್ಲಾಡುವುದಿಲ್ಲ. ಒಂದು ವರ್ಷ, ಎರಡು ವರ್ಷ, ಕೆಲವರಿಗೆ ಮೂರರ ಮೇಲೂ. ತಮಾಷೆ ಅಂದ್ರೆ ಬೆರಳಚ್ಚಿನ ತಪಾಸಣೆಗೆ 15 ತಿಂಗಳಷ್ಟೇ ಆಯಸ್ಸು. ಹೆಸರಿನ ತಪಾಸಣೆ ಮುಗಿಯುವ ಮೊದಲೇ ಅದು ಹಳತಾಗಿ, ಮತ್ತೆ ಹೋಗಿ ಹತ್ತೂ ಬೆರಳು ಒತ್ತಿ ಬರಬೇಕಿತ್ತು.

ಎರಡೂ ಎಫ್‌ಬಿಐ ಮಾಡುವ ಕೆಲಸವೇ. ಬೆರಳಚ್ಚನ್ನು ಕಂಪ್ಯೂಟರ್ ಬೇಗ ಹೋಲಿಸಿ ನೋಡುತ್ತದೆ. ಹೆಸರಿನದು ಬೇರೆ ಕಥೆ. ಅದರ ಬೇರು 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆದೇಶದಲ್ಲಿದೆ. ಸರ್ಕಾರಿ ನೌಕರಿಗೆ ಸೇರುವವರ ಹಿನ್ನೆಲೆ ನೋಡಲು ಮಾಡಿದ ಏರ್ಪಾಡು ಅದು. ವಲಸೆ ಇಲಾಖೆಯೂ ಮುಂದೆ ಅದನ್ನೇ ಬಳಸಿಕೊಂಡಿತು. ಆಗ ನೋಡುತ್ತಿದ್ದುದು ಒಂದೇ: ಈ ವ್ಯಕ್ತಿಯ ಮೇಲೆಯೇ ಯಾವುದಾದರೂ ತನಿಖೆ ನಡೆದಿತ್ತಾ?

2001ರ ಸೆಪ್ಟೆಂಬರ್ ದಾಳಿಯ ನಂತರ ಅಷ್ಟು ಸಾಲದು ಅನ್ನಿಸಿತು. ಬೇರೆ ಯಾರದೋ ಫೈಲಿನಲ್ಲಿ ಸಾಕ್ಷಿಯಾಗಿಯೋ ಪರಿಚಯದವರಾಗಿಯೋ ಹೆಸರು ಸುಮ್ನೆ ಬಂದುಹೋಗಿದ್ದರೂ ತೆಗೆದು ನೋಡಿ ಎಂದಾಯಿತು. ಜೊತೆಗೆ 2002ರ ಕೊನೆಯಲ್ಲಿ ಸುಮಾರು 27 ಲಕ್ಷ ಹೆಸರುಗಳನ್ನು ಇಲಾಖೆ ಒಟ್ಟಿಗೆ ಎಫ್‌ಬಿಐ ಮುಂದೆ ತಂದು ಸುರಿಯಿತು.

ಹೆಸರು ಹುಡುಕುವ ಬಗೆಯೂ ವಿಚಿತ್ರ. ಮೊದಲ ಹೆಸರು, ನಡುವಿನದು, ಕೊನೆಯದು ಮೂರನ್ನೂ ಹಿಂದೆಮುಂದೆ ಮಾಡಿ, ಒಂದನ್ನು ಬಿಟ್ಟು ಇನ್ನೆರಡನ್ನು ಹಿಡಿದು ಹುಡುಕುತ್ತಾರೆ. ನಮ್ಮ ಕಡೆಯ ಹೆಸರೊಂದನ್ನು ಇದಕ್ಕೆ ಹಾಕಿ ನೋಡಿ. ಊರಲ್ಲಿ ಅವನು ಎಚ್.ಎನ್. ಮಂಜುನಾಥ. ಇನಿಷಿಯಲ್ ಬಿಡಿಸಿ ಬರೆದರೆ ಹಾಸನ ನಾಗರಾಜ ಮಂಜುನಾಥ. ಇದರಲ್ಲಿ ಊರು ಯಾವುದು, ಅಪ್ಪ ಯಾರು, ಆಸಾಮಿ ಯಾರು ಅಂತ ಕಂಪ್ಯೂಟರಿಗೇನು ಗೊತ್ತು? ಇಂಗ್ಲಿಷಿನಲ್ಲಿ ನಮ್ಮ ಹಾಸನಕ್ಕೂ ಅರಬ್ಬರ ಹಸನ್‌ಗೂ ಒಂದೇ ಸ್ಪೆಲ್ಲಿಂಗ್ ಬೇರೆ!

ಸುಮಾರು ಶೇ. 68ರಷ್ಟು ಹೆಸರುಗಳಿಗೆ ಎರಡು ಮೂರು ದಿನದಲ್ಲೇ ‘ದಾಖಲೆ ಇಲ್ಲ’ ಎಂದು ಉತ್ತರ ಬರುತ್ತಿತ್ತು. ಎಲ್ಲಾದರೂ ತಾಳೆಯಾಯಿತೋ, ಕಷ್ಟ ಶುರು. ಆಗ ಮೂಲ ಫೈಲನ್ನೇ ಹುಡುಕಿ ತೆಗೆಯಬೇಕು. ಹಳೆಯ ಫೈಲುಗಳೆಲ್ಲ ಕಾಗದದವು, ದೇಶದ 265ಕ್ಕೂ ಹೆಚ್ಚು ಕಡೆ ಹಂಚಿಹೋಗಿದ್ದವು. ಹೋಗಿ ಹುಡುಕುವ ಜನ ಕಡಿಮೆ. ಇಷ್ಟೆಲ್ಲ ಮಾಡಿ ಆಕ್ಷೇಪಿಸುವಂಥ ಸಂಗತಿ ಇರಬಹುದಾದ ಫೈಲು ಸಿಗುತ್ತಿದ್ದುದು ಶೇ. 1ಕ್ಕಿಂತ ಕಡಿಮೆ ಜನರದು.

2007ರ ಮೇ ಹೊತ್ತಿಗೆ 3,29,160 ಹೆಸರುಗಳು ಬಾಕಿ. ಅದರಲ್ಲಿ 1,06,738 ಒಂದು ವರ್ಷಕ್ಕೂ ಹಳೆಯವು. ವಲಸೆ ಸೇವೆಯ ಓಂಬುಡ್ಸ್‌ಮನ್ (ಜನರ ದೂರು ವಿಚಾರಿಸುವ ಅಧಿಕಾರಿ) ಆಗಿದ್ದ ಪ್ರಕಾಶ್ ಖತ್ರಿ ತಮ್ಮ ವರದಿಯಲ್ಲಿ ಎತ್ತಿದ ಪ್ರಶ್ನೆ ನೇರವಾಗಿತ್ತು. ಅರ್ಜಿ ಹಾಕಿದವರಲ್ಲಿ ಹೆಚ್ಚಿನವರು ಆಗಲೇ ಅಮೆರಿಕದಲ್ಲೇ ಇದ್ದಾರೆ. ಅವರಲ್ಲಿ ಒಬ್ಬ ನಿಜಕ್ಕೂ ಅಪಾಯಕಾರಿಯಾಗಿದ್ದರೆ, ವರ್ಷಗಟ್ಟಲೆ ಹಾಗೇ ಬಿಟ್ಟು ಕೂತರೆ ದೇಶಕ್ಕೇನು ರಕ್ಷಣೆ? ಒಪ್ಪಬೇಕಾದ ಮಾತು, ಅಲ್ವಾ?

ಪೌರತ್ವದ ಅರ್ಜಿಯಲ್ಲಿ ಇನ್ನೊಂದು ಆಟ ನಡೆಯಿತು. ಸಂದರ್ಶನವಾಗಿ 120 ದಿನದಲ್ಲಿ ತೀರ್ಮಾನ ಬರದಿದ್ದರೆ ಕೋರ್ಟಿಗೆ ಹೋಗಬಹುದೆಂದು ಕಾನೂನಿದೆ. ಜನ ಹೋದರು. ಇಲಾಖೆ 2006ರಲ್ಲಿ ಏನು ಮಾಡಿತು ಗೊತ್ತಾ? ನೇಮ್ ಚೆಕ್ ಮುಗಿಯದೆ ಸಂದರ್ಶನಕ್ಕೇ ಕರೆಯುವುದನ್ನು ನಿಲ್ಲಿಸಿತು. ಸಂದರ್ಶನವೇ ಆಗದಿದ್ದರೆ 120 ದಿನದ ಲೆಕ್ಕ ಎಲ್ಲಿಂದ ಶುರುವಾಗಬೇಕು!

ವೀಸಾ ಕೇಳಿದ ವಿಜ್ಞಾನಿಗಳಿಗೆ ಬೇರೆಯದೇ ಜರಡಿ ಇತ್ತು. ಅದರ ಹೆಸರು ‘ವೀಸಾ ಮ್ಯಾಂಟಿಸ್’. ಸೂಕ್ಷ್ಮ ತಂತ್ರಜ್ಞಾನ ಹೊರಗೆ ಹೋಗಬಾರದು ಎಂಬುದು ಅದರ ಉದ್ದೇಶ. 2004ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರು ನೋಡಿದಾಗ ಅದಕ್ಕೆ ಸರಾಸರಿ 67 ದಿನ ಹಿಡಿಯುತ್ತಿತ್ತು. ಬೆಂಗಳೂರಿಗೆ ಇದರ ಬಿಸಿ ತಟ್ಟಿದ್ದು 2006ರ ಫೆಬ್ರವರಿಯಲ್ಲಿ. ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆ) ನಿರ್ದೇಶಕರಾಗಿದ್ದ ರಸಾಯನ ವಿಜ್ಞಾನಿ ಗೋವರ್ಧನ ಮೆಹ್ತಾ ಫ್ಲಾರಿಡಾ ವಿಶ್ವವಿದ್ಯಾಲಯದ ಆಹ್ವಾನದ ಮೇಲೆ ಹೊರಟಿದ್ದರು. ಚೆನ್ನೈ ಕಾನ್ಸುಲೇಟಿನಲ್ಲಿ ಅವರ ಸಂಶೋಧನೆಯ ಬಗ್ಗೆಯೇ ಅನುಮಾನ ಬಂತು, ಆಗ ವೀಸಾ ಸಿಗಲಿಲ್ಲ. ಅಧ್ಯಕ್ಷ ಬುಷ್ ಭಾರತಕ್ಕೆ ಬರುವ ದಿನಗಳು ಅವು. ಗಲಾಟೆಯಾದ ಮೇಲೆ ರಾಯಭಾರ ಕಚೇರಿ ವಿಷಾದ ಹೇಳಿತು.

2008ರ ಫೆಬ್ರವರಿಯಲ್ಲಿ ಇಲಾಖೆ ಕೊನೆಗೂ ಗಂಟು ಸಡಿಲಿಸಿತು. ನೇಮ್ ಚೆಕ್ 180 ದಿನ ದಾಟಿದ್ದು, ಉಳಿದದ್ದೆಲ್ಲ ಸರಿಯಿದ್ದರೆ ಗ್ರೀನ್ ಕಾರ್ಡ್ ಕೊಟ್ಟುಬಿಡಿ, ಮುಂದೆ ಏನಾದರೂ ಸಿಕ್ಕರೆ ವಾಪಸ್ ಪಡೆಯೋಣ ಎಂದಿತು. ಎಫ್‌ಬಿಐಗೆ ಇನ್ನಷ್ಟು ಜನರನ್ನು ಕೊಟ್ಟರು. 2009ರ ಮಧ್ಯಕ್ಕೆ ರಾಶಿ ಕರಗಿತು.

ಆದರೆ ಅದೇ 2008ರ ಏಪ್ರಿಲ್‌ನಲ್ಲಿ ‘ಕಾರ್ಪ್’ ಎಂಬ ಇನ್ನೊಂದು ಪದ್ಧತಿ ಸದ್ದಿಲ್ಲದೆ ಬಂತು. ಭದ್ರತೆಯ ಅನುಮಾನ ಇರುವವರ ಅರ್ಜಿಯನ್ನು ಅದು ಪಕ್ಕಕ್ಕೆ ಎತ್ತಿಡುತ್ತದೆ, ಅರ್ಜಿದಾರರಿಗೆ ಹೇಳುವುದಿಲ್ಲ. 2013ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು ಇದರ ಮೇಲೆ ವರದಿ ತಂದಿತು. ಮುಸ್ಲಿಂ ದೇಶಗಳಿಂದ ಬಂದವರೇ ಇದರಲ್ಲಿ ಜಾಸ್ತಿ ಸಿಕ್ಕಿಕೊಳ್ಳುತ್ತಾರೆ ಎಂಬುದು ಆರೋಪ. 2017ರಲ್ಲಿ ಸಿಯಾಟಲ್‌ನಲ್ಲಿ ಕೇಸೂ ಬಿತ್ತು.

ಇನ್ನು ಆ ಕಾಗದದ ಫೈಲುಗಳ ವಿಷಯ. 2020ರಲ್ಲಿ ವರ್ಜೀನಿಯಾದ ವಿಂಚೆಸ್ಟರ್‌ನಲ್ಲಿ ಎಫ್‌ಬಿಐ ಒಂದು ದೊಡ್ಡ ದಾಖಲೆ ಉಗ್ರಾಣ ತೆರೆಯಿತು. ಊರೂರಿನ ಫೈಲುಗಳು ಅಲ್ಲಿಗೆ ಬರುತ್ತಿವೆ. ಬೇಕಾದ ಡಬ್ಬವನ್ನು ರೋಬೋ ಎತ್ತಿ ತಂದುಕೊಡುತ್ತದೆ. ಡಬ್ಬದೊಳಗೆ ಇರುವುದು ಹಸನ್ನೋ ಹಾಸನವೋ ಎಂದು ಮಾತ್ರ ಯಾರಾದರೂ ಕೂತು ಓದಲೇಬೇಕು.