ಎರಡರಲ್ಲೂ 12 ಮೋಟಾರು, ಆದರೆ ಅಚ್ಚು ಎಷ್ಟು?

ಅಮೆರಿಕದ ಎರಡು ಹಳೇ ವಿದ್ಯುತ್ ರೈಲು ಎಂಜಿನ್‌ಗಳು. ಮಿಲ್ವಾಕೀ ರೋಡ್ ಎಂಬ ರೈಲು ಕಂಪನಿಯ ಬೈಪೋಲಾರ್, 1919ರದ್ದು. ಪೆನ್ಸಿಲ್ವೇನಿಯಾ ರೈಲ್‌ರೋಡ್‌ನ ಜಿಜಿ1, ಮೊದಲನೆಯದು ಬಂದದ್ದು 1934ರಲ್ಲಿ. ಎರಡರಲ್ಲೂ 12 ಮೋಟಾರು. ಹಾಗಾದರೆ ಎರಡರಲ್ಲೂ ಮೋಟಾರು ತಿರುಗಿಸುವ ಅಚ್ಚು (ಎರಡು ಗಾಲಿಗಳನ್ನು ಜೋಡಿಸುವ ದಂಡ) 12 ಅಂತ ಬರೆದಿಟ್ಟುಕೊಂಡಿದ್ದೆ. ತಪ್ಪು!

ಎಂಜಿನ್ನಿನ ಗಾಲಿಗಳ ಜೋಡಣೆಯನ್ನು ಬರೆಯುವ ಸಂಕೇತದಲ್ಲಿ ಅಕ್ಷರ ಇದ್ದರೆ ಮೋಟಾರು ತಿರುಗಿಸುವ ಅಚ್ಚು (ಬಿ ಎರಡು, ಸಿ ಮೂರು, ಡಿ ನಾಲ್ಕು). ಅಂಕಿ ಇದ್ದರೆ ಸುಮ್ನೆ ಭಾರ ಹೊರುವ ಅಚ್ಚು. ಬೈಪೋಲಾರ್ 1ಬಿ+ಡಿ+ಡಿ+ಬಿ1, ಅಂದರೆ 2+4+4+2, ಒಟ್ಟು 12. ಜಿಜಿ1 ಮಾತ್ರ 2-ಸಿ+ಸಿ-2, ಬರೀ 6. ಅಲ್ಲಿ ಒಂದೊಂದು ಅಚ್ಚಿಗೂ ಎರಡೆರಡು ಮೋಟಾರು.

ಬೈಪೋಲಾರ್‌ನಲ್ಲಿ ಗೇರ್ ಇಲ್ಲ. ಮೋಟಾರಿನ ತಿರುಗುವ ಭಾಗ, ಆರ್ಮೇಚರ್, ನೇರ ಅಚ್ಚಿನ ಮೇಲೇ ಕೂತಿದೆ. ಅಯಸ್ಕಾಂತದ ಧ್ರುವಗಳು ಸ್ಪ್ರಿಂಗ್ ಮೇಲಿನ ಚೌಕಟ್ಟಿನಲ್ಲಿವೆ. ಹಳಿ ಮೇಲೆ ಅಚ್ಚು ಕುಣಿದರೆ ಎರಡೂ ಬಡಿದುಕೊಳ್ಳಬೇಕಲ್ವಾ? ಅದಕ್ಕೇ ಧ್ರುವಗಳು ಎರಡೇ, ಮುಂದೊಂದು, ಹಿಂದೊಂದು, ಮುಖ ಚಪ್ಪಟೆ. ನಡುವೆ ಆರ್ಮೇಚರ್ ಆರಾಮಾಗಿ ಮೇಲೆ ಕೆಳಗೆ ಆಡುತ್ತದೆ. ಹೆಸರಿನ ಗುಟ್ಟೂ ಇದೇ. ತೊಂದರೆ ಅಂದರೆ ಆರ್ಮೇಚರಿನ ಭಾರ ಸ್ಪ್ರಿಂಗ್ ಇಲ್ಲದೆ ಹಳಿಗೆ ಬೀಳುತ್ತದೆ.

ಈಗ ನಾನು ಎರಡು ದಿನ ಒದ್ದಾಡಿದ ಜಾಗ. ಜಿಜಿ1ರಲ್ಲಿ ಮೋಟಾರು ಚೌಕಟ್ಟಿನಲ್ಲಿದೆ, ಗೇರ್ ಇದೆ. ಅಚ್ಚು ಮೇಲೆ ಕೆಳಗೆ ಹೋದರೆ ಗೇರ್ ಹಲ್ಲು ಬಿಟ್ಟುಹೋಗುವುದಿಲ್ಲವೇ? ಇಲ್ಲ. ಯಾಕೆಂದರೆ ದೊಡ್ಡ ಗೇರ್ ಅಚ್ಚಿನ ಮೇಲೆ ಇಲ್ಲವೇ ಇಲ್ಲ! ಅದು ಕ್ವಿಲ್ ಎಂಬ ಟೊಳ್ಳು ಕೊಳವೆಯ ಮೇಲಿದೆ. ಕಾಗದದ ಅಗಲ ಸುರುಳಿಯೊಳಗೆ ಪೆನ್ಸಿಲ್ ತೂರಿಸಿ ಆಡಿಸಿ ನೋಡಿ. ಸುರುಳಿ ಕ್ವಿಲ್, ಪೆನ್ಸಿಲ್ ಅಚ್ಚು. ಕೊಳವೆಯನ್ನು ಹಿಡಿದಿರುವುದೂ ಮೋಟಾರು ಇರುವ ಚೌಕಟ್ಟೇ. ಹಾಗಾಗಿ ಮೋಟಾರಿಗೂ ಗೇರಿಗೂ ಇರುವ ದೂರ ಬದಲಾಗುವುದೇ ಇಲ್ಲ. ಕೊಳವೆಯ ತುದಿಯ ತೋಳುಗಳು ಗಾಲಿಯ ಕಡ್ಡಿಗಳ ನಡುವೆ ಚಾಚಿ, ಸ್ಪ್ರಿಂಗ್ ಮೂಲಕ ತಳ್ಳುತ್ತವೆ. ಕುಣಿತವನ್ನೆಲ್ಲ ಆ ಸ್ಪ್ರಿಂಗ್‌ಗಳೇ ನುಂಗುತ್ತವೆ. ಚಿತ್ರ ಬಿಡಿಸಿದ ಮೇಲಷ್ಟೇ ನನಗೆ ಇದು ತಲೆಗೆ ಹೋಯಿತು.

ಲೆಕ್ಕ ನೆನಪಿಡಲು: ಜಿಜಿ1ರ ಒಂದು ಮೋಟಾರಿಗೆ 385 ಅಶ್ವಶಕ್ತಿ, 12ಕ್ಕೆ 4620. ಕರೆಂಟು 11,000 ವೋಲ್ಟ್ ಎಸಿ. ಮಿಲ್ವಾಕೀಯದು 3000 ವೋಲ್ಟ್ ಡಿಸಿ.

ಪೆನ್ಸಿಲ್ವೇನಿಯಾದವರು ಜೊತೆಗೇ ಆರ್1 ಎಂಬ 2-ಡಿ-2 ಎಂಜಿನ್ನನ್ನೂ ಕಟ್ಟಿಸಿ ಓಡಿಸಿ ನೋಡಿದರು. ಅದರ ಚೌಕಟ್ಟು ಒಂದೇ, ಬಾಗದು. ಜಿಜಿ1ರದ್ದು ನಡುವೆ ಕೀಲಿರುವ ಎರಡು ತುಂಡು. ಗೆದ್ದದ್ದು ಜಿಜಿ1: ಒಟ್ಟು 139 ಆದವು. ಆರ್1 ಒಂದೇ ಒಂದು.

ಇನ್ನೊಂದು, ಕ್ವಿಲ್ ಅಂದರೆ ಬೈಪೋಲಾರ್ ಆದಮೇಲೆ ಬಂದ ಹೊಸ ಉಪಾಯ ಅಂದುಕೊಳ್ಳಬೇಡಿ. ಮಿಲ್ವಾಕೀಯವರೇ 1919-20ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯಿಂದ ಕ್ವಿಲ್ ಎಂಜಿನ್‌ಗಳನ್ನೂ ತರಿಸಿದ್ದರು.